ಒಂದೇ ಚೀಲದ ಜೋಳ

ಆಗಸ್ಟ್ 4, ಸೋಮವಾರ

ಇಂದು ಬೆಳಿಗ್ಗೆ ಹತ್ತು ಗಂಟೆ ಹದಿನೈದು ನಿಮಿಷದ ಶುಭ ಮುಹೂರ್ತದಲ್ಲಿ, ಮೇಟಗಳ್ಳಿಯ ನಮ್ಮ ಆಹಾರ ಪರೀಕ್ಷಾಲಯದ ಪುಡಿ ಕೋಣೆಯಲ್ಲಿ ಪಟ್ಟಾಭಿಷೇಕ ನೆರವೇರಿತು. ಪೌರೋಹಿತ್ಯ ನನ್ನದು: ಕುಮಾರಿ ತನ್ಮಯಿ, ವಯಸ್ಸು ಇಪ್ಪತ್ತಮೂರು, ಹುದ್ದೆ ಕಿರಿಯ ವಿಶ್ಲೇಷಕಿ. ಅಂದರೆ ಎಲ್ಲರಿಗಿಂತ ಕಡಿಮೆ ಗೌರವ, ಎಲ್ಲರಿಗಿಂತ ಹೆಚ್ಚು ತೊಳೆಯುವ ಗಾಜು.

ಹನ್ನೆರಡು ವರ್ಷ ಪರೀಕ್ಷೆಯ ಧಾನ್ಯವನ್ನು ಪುಡಿ ಮಾಡಿಕೊಟ್ಟ ಶಾಮಣ್ಣ ಶನಿವಾರ ನಿವೃತ್ತರಾದರು. ಅವರ ಸಿಂಹಾಸನಕ್ಕೆ, ಆರು ವರ್ಷದಿಂದ ನೆಲ ಒರೆಸುತ್ತಿದ್ದ ಪುಟ್ಟಲಿಂಗಮ್ಮ. “ತನ್ಮಯಿ, ಅವರಿಗೆ ಟ್ರೈನಿಂಗ್ ಕೊಟ್ಟು ಫಾರಂಗೆ ಸಹಿ ಹಾಕಿಸ್ಕೊಳ್ಳಿ” ಎಂದು ನಮ್ಮ ಲ್ಯಾಬಿನ ಮುಖ್ಯಸ್ಥರಾದ ವಸಂತ್ ಸರ್ ಅಪ್ಪಣೆ ಕೊಟ್ಟು ಮೀಟಿಂಗಿಗೆ ಹೋದರು. ಫಾರಂ ಜೊತೆ ನಾಲ್ಕು ಪುಟದ ನಿಯಮಾವಳಿ, ಅದೂ ಇಂಗ್ಲಿಷಿನಲ್ಲಿ. ಓದಿ ಹೇಳಲು ಹೋದರೆ ಇಬ್ಬರಿಗೂ ನಿದ್ದೆ ಗ್ಯಾರಂಟಿ. ಯಂತ್ರ ಹೇಗೆ ಹಾಕುವುದು, ಹೇಗೆ ನಿಲ್ಲಿಸುವುದು, ಜರಡಿ ಹೇಗೆ ತೊಳೆಯುವುದು, ತೂಕ ಎಲ್ಲಿ ಬರೆಯುವುದು ಎಂದು ಹತ್ತು ನಿಮಿಷದಲ್ಲಿ ತೋರಿಸಿ, ಫಾರಂಗೆ ಸಹಿ ಹಾಕಿಸಿಕೊಂಡೆ. ಆಮೇಲೆ ನನ್ನ ನಾಲಗೆ ಸುಮ್ಮನಿರಲಿಲ್ಲ.

“ಈಗ ಪ್ರಮಾಣವಚನ. ಬಲಗೈ ಯಂತ್ರದ ಮೇಲಿಡಿ.”

ಪುಟ್ಟಲಿಂಗಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಇಟ್ಟರು. ನನ್ನ ಸಹೋದ್ಯೋಗಿ ರಾಹುಲ್ ತುಟಿ ಕಚ್ಚಿಕೊಂಡು ಮೊಬೈಲಿನಲ್ಲಿ ವಿಡಿಯೋ ಮಾಡಿದ. ನಾನು ಹೇಳಿಕೊಟ್ಟೆ, ಅವರು ಹೇಳಿದರು: “ಈ ಯಂತ್ರಕ್ಕೆ ಹಾಕುವ ಒಂದೊಂದು ಕಾಳನ್ನೂ ಅರಮನೆಯ ಅಡುಗೆಗೆ ಹೋಗುವ ಕಾಳೆಂದು ತಿಳಿದು, ಕಸ ಕೊಳಕು ಸೇರದಂತೆ ಕಾಯುತ್ತೇನೆ.” ಒಂದು ಸಲವೂ ನಗಲಿಲ್ಲ. ಎಷ್ಟು ಗಂಭೀರ ಅಂದರೆ ನನಗೇ ಒಂದು ಕ್ಷಣ ಪುರೋಹಿತಳೆಂಬ ಭ್ರಮೆ ಬಂತು.

“ಟ್ರೈನಿಂಗ್ ಆಯ್ತಾ?” ಅಂತ ಸಾಯಂಕಾಲ ವಸಂತ್ ಸರ್ ಕೇಳಿದರು.

“ಸಾಂಗವಾಗಿ ನೆರವೇರಿತು ಸರ್” ಅಂದೆ.

ಆಗಸ್ಟ್ 7, ಗುರುವಾರ

ರಾಹುಲನ ಡಬ್ಬಿಯ ಮೇಲೆ ಅಧಿಕೃತ ಪರೀಕ್ಷಾ ವರದಿ ಅಂಟಿಸಿದೆ. ಮಾದರಿ: ಚಿತ್ರಾನ್ನ. ಕಡಲೆಕಾಯಿ ಬೀಜ: ಏಳು (ಕನಿಷ್ಠ ಮಿತಿ ಇಪ್ಪತ್ತು). ತೀರ್ಪು: ಮಾನವ ಸೇವನೆಗೆ ಅಯೋಗ್ಯ, ವಿಶ್ಲೇಷಕಿಯ ಸೇವನೆಗೆ ಯೋಗ್ಯ. ಅವನು ಡಬ್ಬಿ ತೆರೆದಾಗ ಅರ್ಧ ಖಾಲಿಯಿತ್ತು. “ನಿಂಗೆ ಮದ್ವೆ ಆದ್ಮೇಲೆ ಆ ಗಂಡನ ಗತಿ ನೆನೆಸ್ಕೊಂಡ್ರೆ ಅಳು ಬರುತ್ತೆ ಕಣೇ” ಅಂದ.

ಮಧ್ಯಾಹ್ನ ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಹಿರಿಯರು ಬಂದರು. ಹೆಸರು ಲಿಂಗಯ್ಯ. ಬೆಳವಾಡಿ ಕಡೆ ಹಸು ಕಟ್ಟಿದ್ದಾರೆ, ಸುತ್ತಲಿನ ಮನೆಗಳಿಗೆ ಹಾಲು ಹಾಕುತ್ತಾರೆ.

“ಅವ್ವಾ, ಕಾಳಿಗೆಲ್ಲ ಜಾತ್ಕ ಬರ್ದು ಕೊಡ್ತಾರಂತಲ್ಲ, ಇದೇ ಜಾಗ್ವಾ?”

“ಇದೇ. ಯಾರ ಜಾತಕ ಬೇಕಿತ್ತು?”

“ಮುಸುಕಿನ ಜೋಳದ್ದು. ಆರು ಹಸ ಅವೆ. ನಾಕು ಮೇವು ಮೂಸಿ ಮಕ ತಿರುಗುಸ್ತವೆ. ಒಂದ್ ಕರ ಹೋಗ್ಬುಡ್ತು. ಜೋಳ ಟೆಸ್ಟ್ ಮಾಡ್ಸು ಅಂದ್ರು ದನಿನ್ ಡಾಕ್ಟ್ರು.”

“ಜೋಳದ ಜನ್ಮ ನಕ್ಷತ್ರ ಗೊತ್ತಾ?”

“ಗೊತ್ತಿದ್ರೆ ನಿನ್ ಹತ್ರ ಯಾಕವ್ವ ಬತ್ತಿದ್ದೆ.”

ನನಗೆ ಸಮಾನ ಎದುರಾಳಿ ಸಿಕ್ಕಿದ ಸಂತೋಷವಾಯಿತು. ಕಾಳಿನ ಮೇಲೆ ಬೂಷ್ಟು ಬೆಳೆದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ, ಹಸು ತಿಂದರೆ ಹಾಲಿಗೂ ಇಳಿಯುತ್ತದೆ ಎಂದು ವಿವರಿಸಿದೆ. ದನದ ಮೇವಿನಲ್ಲಿ ಶತಕೋಟಿ ಭಾಗಕ್ಕೆ ಇಪ್ಪತ್ತು ಭಾಗ ಮೀರಬಾರದು. ಅವರು ತಲೆಯಾಡಿಸಿ, “ಅಷ್ಟು ಸಣ್ಣದ್ನ ಕಂಡೋರು ಯಾರು?” ಅಂದರು. “ನಾನೇ” ಅಂದೆ.

ಮೂರು ಕೆಜಿ ಜೋಳವನ್ನು ಎರಡು ಪಾಲು ಮಾಡಿ, ಒಂದನ್ನು ಪುಟ್ಟಲಿಂಗಮ್ಮನ ಕೈಗೆ ಕೊಟ್ಟೆ. ಮುಂದೆ ತಕರಾರು ಬಂದರೆ ಇರಲಿ ಎಂದು ಇನ್ನೊಂದು ಪಾಲನ್ನು ಹಾಗೇ ಬಾಟಲಿಗೆ ತುಂಬಿ ಬೀರುವಿನಲ್ಲಿಡುವುದು ಪದ್ಧತಿ. ಬಾಟಲಿಗೆ ಮೊದಲು “ಮಹಾಮಹೋಪಾಧ್ಯಾಯ ಮುಸುಕಿನ ಜೋಳ ಶಾಸ್ತ್ರಿಗಳು” ಎಂಬ ಚೀಟಿ ಅಂಟಿಸಿ ರಾಹುಲನಿಗೆ ತೋರಿಸಿ, ಆಮೇಲೆ ಕಿತ್ತು ಸರಿಯಾದ ಚೀಟಿ ಹಾಕಿದೆ.

ಆಗಸ್ಟ್ 11, ಸೋಮವಾರ

ಶಾಸ್ತ್ರಿಗಳು ನಿರಪರಾಧಿ!

ನಮ್ಮ ಪರೀಕ್ಷೆಯ ತಟ್ಟೆಯ ಪುಟ್ಟ ಪುಟ್ಟ ಗುಳಿಗಳಲ್ಲಿ ಹಳದಿ ಬಣ್ಣ ಗಾಢವಾದಷ್ಟು ಕಾಳು ಒಳ್ಳೆಯದು, ಪೇಲವವಾದಷ್ಟು ವಿಷ. ಲಿಂಗಯ್ಯನವರ ಗುಳಿ ಮದುವೆ ಮನೆಯ ಅರಿಶಿನದ ಹಾಗಿತ್ತು. ಸಂಖ್ಯೆ: ಮೂರು. ಮಿತಿ ಇಪ್ಪತ್ತು. ಈ ತಿಂಗಳು ಕಾಳುಗಳೆಲ್ಲ ಸಜ್ಜನರು, ಒಂದೂ ಫೇಲಾಗಿಲ್ಲ.

ಫೋನ್ ಮಾಡಿ ತೀರ್ಪು ಓದಿದೆ.

“ಅಂಗಾರೆ ಹಾಕ್ಲಾ?” ಅಂದರು.

“ಧಾರಾಳವಾಗಿ ಹಾಕಿ.”

“ನೀನು ಹೇಳಿದ್ಮೇಲೆ ಆಯ್ತು ಬುಡವ್ವ.”

ಆಗಸ್ಟ್ 19, ಮಂಗಳವಾರ

ಲಿಂಗಯ್ಯನವರು ಮತ್ತೆ ಬಂದಿದ್ದರು. ಜಾತಕದ ಮಾತಿಲ್ಲ. ಬೆಂಚಿನ ಮೇಲೆ ಕೂತುಕೊಳ್ಳಲೂ ಇಲ್ಲ.

“ಗಬ್ಬದ ಹಸ ಕಂದಾಕ್ಬುಡ್ತು. ಏಳು ತಿಂಗ್ಳು ತುಂಬಿತ್ತು.”

ಗರ್ಭಪಾತವೇ ಎಂದು ಕೇಳಿದೆ, ಹೌದೆಂದು ತಲೆಯಾಡಿಸಿದರು. “ಜೋಳ ಚೆನ್ನಾಗಿತ್ತಲ್ಲ” ಅಂದೆ. ಯಾಕೆ ಹಾಗಂದೆನೋ.

“ಅದೇ ಕಣವ್ವ. ನೀನು ಚೆನ್ನಾಗೈತೆ ಅಂದ್ಯಲ್ಲ ಅಂತ ಅವ್ಳಿಗೆ ಒಂದ್ ಸೇರು ಜಾಸ್ತಿನೇ ಹಾಕ್ದೆ. ಸೊರಗೋಗಿದ್ಲು, ಶಕ್ತಿ ಬರ್ಲಿ ಅಂತ.”

ಇನ್ನೊಂದು ಸಲ ನೋಡಿಸು ಅಂತ ಡಾಕ್ಟರು ಹೇಳಿದರಂತೆ. ಬೀರುವಿನ ಬಾಟಲಿ ತೆಗೆದೆವು. ಪುಟ್ಟಲಿಂಗಮ್ಮ ಅಕ್ಕನ ಮಗಳ ಸೀಮಂತಕ್ಕೆ ನಂಜನಗೂಡಿಗೆ ಹೋಗಿದ್ದರು. ಬಾಟಲಿಯ ಅರ್ಧ ಜೋಳವನ್ನು ರಾಹುಲನೇ ಪುಡಿ ಮಾಡಿದ.

ಆಗಸ್ಟ್ 20, ಬುಧವಾರ

ತೊಂಬತ್ತಾರು.

ಗುಳಿಯಲ್ಲಿ ಬಣ್ಣವೇ ಇರಲಿಲ್ಲ. ಮತ್ತೆ ಹಾಕಿದೆ: ತೊಂಬತ್ತೊಂದು. ಹಳೆಯ ಪುಡಿಯನ್ನೂ ಮತ್ತೆ ಪರೀಕ್ಷೆಗೆ ಹಾಕಿದೆ: ಮೂರು. ಒಂದೇ ಚೀಲ, ಒಂದೇ ಲಿಂಗಯ್ಯನವರು, ಒಂದೇ ನಾನು.

ವಸಂತ್ ಸರ್ ಬಾಗಿಲು ಹಾಕಿಕೊಳ್ಳಲು ಹೇಳಿದರು.

“ಒಂದೇ ಪ್ರಶ್ನೆ. ಇದು ನಿಮ್ಮ ತಮಾಷೆನಾ?”

“ಅಲ್ಲ ಸರ್.”

“ಹೋದ ತಿಂಗಳು ನನ್ನ ಕುರ್ಚಿಗೆ ‘ಮಾದರಿ ಸಂಖ್ಯೆ ಒಂದು, ಸ್ಥಿತಿ: ಜೀರ್ಣ’ ಅಂತ ಚೀಟಿ ಅಂಟಿಸಿದ್ದು ಯಾರು?”

“ಅದು ನಾನು ಸರ್.”

ಅವರು ಬಾಟಲಿಯನ್ನು ಮೇಜಿನ ಮೇಲಿಟ್ಟು ಬೆರಳಿಂದ ಉಜ್ಜಿದರು. ಚೀಟಿಯ ಪಕ್ಕದಲ್ಲಿ ಇನ್ನೊಂದು ಚೀಟಿಯ ಅಂಟು. “ಇದಕ್ಕೂ ಏನೋ ಅಂಟಿಸಿದ್ರಿ.”

“ಅಂಟಿಸಿ ಕಿತ್ತುಹಾಕಿದೆ ಸರ್. ಆಮೇಲೆ ಸರಿಯಾದ್ದನ್ನೇ ಹಾಕಿದೆ.”

“ಸರಿಯಾದ ಬಾಟಲಿಗೇ ಹಾಕಿದ್ರಾ? ಅವತ್ತು ಇನ್ನೂ ಎರಡು ಜೋಳ ಬಂದಿತ್ತಲ್ಲ?”

ಹೌದು ಎನ್ನಲು ಬಾಯಿ ತೆರೆದೆ. “ನೆನಪಿಲ್ಲ ಸರ್” ಅಂದೆ. ಈಗಲೂ ಕಣ್ಣು ಮುಚ್ಚಿ ನೆನೆಸಿಕೊಳ್ಳುತ್ತಿದ್ದೇನೆ. ರಾಹುಲ್ ನಕ್ಕಿದ್ದು ನೆನಪಿದೆ, ಚೀಟಿ ಕಿತ್ತದ್ದು ನೆನಪಿದೆ, ಹೊಸ ಚೀಟಿ ಬೆರಳಿಗೆ ಅಂಟಿಕೊಂಡದ್ದು ನೆನಪಿದೆ. ಯಾವ ಬಾಟಲಿ ಎಂಬುದು ಮಾತ್ರ, ಸರಿಯಾದದ್ದನ್ನು ನೆನೆದರೆ ಸರಿಯಾದದ್ದು ಕಾಣುತ್ತದೆ, ತಪ್ಪನ್ನು ನೆನೆದರೆ ತಪ್ಪೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ನನ್ನ ತಲೆಯೇ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದೆ.

ಆಗಸ್ಟ್ 21, ಗುರುವಾರ

ಪುಟ್ಟಲಿಂಗಮ್ಮ ರಜೆ ಮುಗಿಸಿ ಬಂದರು, ಸೀಮಂತದ ಚಕ್ಕುಲಿ ತಂದರು. ವಸಂತ್ ಸರ್ ಬಾಟಲಿಯಲ್ಲಿ ಉಳಿದಿದ್ದ ಜೋಳವನ್ನು ಅವರಿಂದ ಪುಡಿ ಮಾಡಿಸಿದರು. ಬಾಟಲಿ ತಪ್ಪಾಗಿದ್ದರೆ ಇದೂ ತೊಂಬತ್ತರ ಮೇಲೆ ಬರಬೇಕು.

ನಾಲ್ಕು ಬಂತು.

ಅದೇ ಬಾಟಲಿ! ನಿನ್ನೆ ಅದರ ಮೇಲರ್ಧ ತೊಂಬತ್ತಾರು, ಇವತ್ತು ಕೆಳಗಿನರ್ಧ ನಾಲ್ಕು. ಚೀಟಿಯ ತಪ್ಪಲ್ಲ ಎಂದು ಗೊತ್ತಾಯಿತು, ಸಂತೋಷಪಡಬೇಕಿತ್ತು. ಆಗಲಿಲ್ಲ. ನನ್ನ ತಪ್ಪಾಗಿದ್ದರೆ ಕನಿಷ್ಠ ಏನಾಯಿತು ಅಂತ ಅರ್ಥವಾದರೂ ಆಗುತ್ತಿತ್ತು. ಒಂದೆರಡು ಕೆಟ್ಟ ಕಾಳು ಒಂದೇ ಕಡೆ ಸೇರಿಕೊಂಡಿರಬಹುದು, ಹಾಗಾಗುವುದುಂಟು ಅಂದರು ವಸಂತ್ ಸರ್. ಆದರೆ ಎರಡು ಸಲವೂ ಹೀಗೆ ಅಚ್ಚುಕಟ್ಟಾಗಿ? ಯಂತ್ರ ಕಳಚಿ ತೊಳೆದೆವು. ಒಂದು ಖಚಿತ ಸಂಖ್ಯೆ ಸಿಗುವವರೆಗೆ ಗಿರಾಕಿಗೆ ಏನೂ ಹೇಳಬೇಡಿ ಅಂತ ಕಟ್ಟಪ್ಪಣೆ.

ಬಸ್ ಸ್ಟಾಪಿನಲ್ಲಿ ನಿಂತು ಲಿಂಗಯ್ಯನವರಿಗೆ ಫೋನ್ ಮಾಡಿದೆ.

“ಆ ಜೋಳ ಹಾಕ್ಬೇಡಿ.”

“ಯಾಕೆ, ಏನ್ ಬಂತು?”

“ಗೊತ್ತಿಲ್ಲ.”

“ಕೆಟ್ಟಿದ್ದಾ?”

“ಗೊತ್ತಿಲ್ಲ, ಲಿಂಗಯ್ಯನೋರೆ. ಒಂದ್ಸಲ ಹಾಗೆ ಬರ್ತಿದೆ, ಒಂದ್ಸಲ ಹೀಗೆ.”

“ಈಗ ಗೊತ್ತಿಲ್ಲ ಅಂತೀಯ. ಅವತ್ತು ಎಂಗವ್ವ ಗೊತ್ತಿತ್ತು?”

“ಅವತ್ತು ಒಂದೇ ಸಲ ನೋಡಿದ್ದೆ” ಅಂದೆ.

“ಹಾಲು?”

“ಗೊತ್ತಾಗೋ ತನಕ ಯಾರಿಗೂ ಹಾಕ್ಬೇಡಿ.”

ಅವರು ಫೋನಿಟ್ಟರೋ, ತಾನಾಗಿ ಕಟ್ಟಾಯಿತೋ.

ಆಗಸ್ಟ್ 22, ಶುಕ್ರವಾರ

ಪುಡಿ ಕೋಣೆಯ ರಿಜಿಸ್ಟರ್ ತೆಗೆದು ಕೂತೆ. ಬಂದ ತೂಕ, ಪುಡಿಯ ತೂಕ, ಎಲ್ಲ ಇಂಗ್ಲಿಷ್ ಅಂಕಿಗಳು. ಕೊನೆಯಲ್ಲಿ ‘ಷರಾ’ ಎಂಬ ಕಿರಿದಾದ ಕಾಲಂ. ಶಾಮಣ್ಣನ ಕಾಲದಲ್ಲಿ ಅದು ಸದಾ ಖಾಲಿ, ಹಾಗಾಗಿ ಯಾರೂ ಅತ್ತ ನೋಡುವುದಿಲ್ಲ. ನಾಲ್ಕನೇ ತಾರೀಖಿನಿಂದ ಅದರಲ್ಲಿ ದುಂಡಗಿನ ಕನ್ನಡ ಅಕ್ಷರ. ಕಸ 22 ಗ್ರಾಂ. ಕಸ 40 ಗ್ರಾಂ. ಲಿಂಗಯ್ಯನವರ ಜೋಳದ ಮುಂದೆ, ಕಸ 61 ಗ್ರಾಂ. ರಾಹುಲ್ ಪುಡಿ ಮಾಡಿದ ದಿನದ್ದು ಖಾಲಿ, ನಿನ್ನೆಯದರ ಮುಂದೆ ಮತ್ತೆ ಕಸ. ಪ್ರತಿ ಪುಟದ ಕೆಳಗೆ ‘ಪರಿಶೀಲಿಸಿದೆ’ ಎಂದು ಸಹಿ. ನನ್ನದು.

ಪುಡಿ ಕೋಣೆಗೆ ಹೋದೆ. ಪುಟ್ಟಲಿಂಗಮ್ಮ ಸ್ಟೀಲ್ ತಟ್ಟೆಯಲ್ಲಿ ಕಡಲೆಕಾಯಿ ಬೀಜ ಹರಡಿಕೊಂಡು ಕೂತಿದ್ದರು. ಬೆರಳು ಎಷ್ಟು ಬೇಗ ಓಡುತ್ತಿತ್ತೆಂದರೆ ನೋಡುತ್ತ ನಿಂತುಬಿಟ್ಟೆ.

“ಏನಿದು ಪುಟ್ಟಲಿಂಗಮ್ಮ?”

“ಆರುಸ್ತಾವ್ನಿ ಮೇಡಂ. ಜನ ಎಂತೆಂಥದ್ದು ತಂದು ಕೊಡ್ತಾರೆ ನೋಡಿ. ಇಲ್ನೋಡಿ, ಹಸುರುಗಟ್ಟೈತೆ. ಇದು ಮುಟ್ಟುದ್ರೆ ಪುಡಿ. ಇಂಥದ್ನೆಲ್ಲ ಮೆಷೀನಿಗೆ ಸುರುದ್ರೆ ನಮ್ ಲ್ಯಾಬಿನ ಮರ್ವಾದೆ ಏನಾಯ್ತದೆ?”

“ಎಲ್ಲಾ ಕಾಳನ್ನೂ ಹೀಗೆ ಆರಿಸ್ತೀರಾ?”

“ಎಲ್ಲಾನೂವೆ. ಎಷ್ಟು ತೆಗ್ದೆ ಅಂತ ಬರ್ದೂ ಇಟ್ಟಿವ್ನಿ.” ಹೊಗಳಿಕೆಗೆ ಕಾದಿದ್ದಂತೆ ನನ್ನ ಮುಖ ನೋಡಿದರು.

“ನಾವು ಹುಡುಕ್ತಿರೋದೇ ಅದನ್ನ, ಪುಟ್ಟಲಿಂಗಮ್ಮ.”

ಬೆರಳು ನಿಂತಿತು. “ತೆಗೀಬಾರ್ದಿತ್ತಾ?”

“ತೆಗೀಬಾರ್ದಿತ್ತು.”

“ನೀವೇ ಪ್ರಮಾಣ ಮಾಡುಸ್ದ್ರಲ್ಲ. ಕೊಳಕು ಸೇರ್ದಂಗೆ ಕಾಯ್ತೀನಿ ಅಂತ. ದಿನಾ ಬೆಳಿಗ್ಗೆ ಮೆಷೀನ್ ಮೇಲೆ ಕೈ ಮಡಗಿ ಹೇಳ್ಕೊಂಡೇ ಸುರು ಮಾಡದು ನಾನು.”

“ಅದು ತಮಾಷೆಗೆ.”

“ಯಾವ್ದು?”

“ಪ್ರಮಾಣ.”

ಅವರು ತಟ್ಟೆಯನ್ನೇ ನೋಡುತ್ತಿದ್ದರು. ತೆಗೆದಿಟ್ಟಿದ್ದ ಹಸಿರು ಬೀಜಗಳನ್ನು ಬೊಗಸೆಯಲ್ಲಿ ಎತ್ತಿ ಮತ್ತೆ ಒಳ್ಳೆಯ ಬೀಜದೊಳಗೆ ಹಾಕಿ ಕಲಸಿದರು. “ನಮ್ ಲ್ಯಾಬಲ್ಲಿ ಎಂಗೆ ಪ್ರಮಾಣ ಮಾಡ್ಸಿ ಕೆಲ್ಸುಕ್ ಇಟ್ಕೊತಾರೆ ಅಂತ ನನ್ ಮಗುಂಗೂ ಹೇಳ್ಬುಟ್ಟಿದ್ದೆ” ಅಂದು, ಕೈ ತೊಳೆಯಲು ಹೋದರು. ನಲ್ಲಿ ಬಹಳ ಹೊತ್ತು ಬಿಟ್ಟೇ ಇತ್ತು.

ಆಗಸ್ಟ್ 23, ಶನಿವಾರ

ಆದ ತಪ್ಪಿಗೆ ಒಂದು ಫಾರಂ ಇದೆ. ಅದರಲ್ಲಿ ‘ಕಾರಣ’ ಅಂತ ಒಂದು ಚೌಕ.

“‘ಸಿಬ್ಬಂದಿಯ ಅರಿವಿನ ಕೊರತೆ’ ಅಂತ ಬರಿ ಸಾಕು” ಅಂದ ರಾಹುಲ್. “ಸುಳ್ಳೇನಲ್ಲ ಅದು.”

“ಆಮೇಲೆ?”

“ಆಮೇಲೇನು, ಅವರನ್ನ ಮತ್ತೆ ಕ್ಲೀನಿಂಗ್‌ಗೆ ಹಾಕ್ತಾರೆ. ಕೆಲಸದಿಂದ ತೆಗೆಯೋದಿಲ್ಲ ಕಣೇ.”

“ವಿಡಿಯೋ ಇದ್ಯಲ್ಲ ನಿನ್ನ ಹತ್ರ?”

“ಅಳಿಸ್ಲಾ?”

ಅವನು ಒಳ್ಳೆಯದಕ್ಕೇ ಹೇಳುತ್ತಿದ್ದ. ಅದೇ ತಲೆ ಕೆಡಿಸಿತು. ಅವನ ವಾಕ್ಯವನ್ನು ಬರೆದೆ. ಅದರಲ್ಲಿ ಒಂದು ಪದವೂ ಸುಳ್ಳಲ್ಲ, ಆದರೂ ಹರಿದೆ. ಎರಡನೆಯದನ್ನು ನನ್ನ ಮಾಮೂಲಿ ಠೀವಿಯಲ್ಲಿ ಬರೆಯಲು ಹೋದೆ, ‘ಸದರಿ ಪುರೋಹಿತಳು’ ಅನ್ನುವಷ್ಟರಲ್ಲಿ ಅದನ್ನೂ ಹರಿದೆ. ಕೊನೆಗೆ ಬರೆದದ್ದು: ಕಾಳು ಆರಿಸಬಾರದೆಂದು ಪುಟ್ಟಲಿಂಗಮ್ಮನವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ನಾನು. ನಿಯಮಾವಳಿ ಓದಿ ಹೇಳಲಿಲ್ಲ, ಓದಿದೆ ಎಂದು ಸಹಿ ಹಾಕಿಸಿಕೊಂಡೆ. ಷರಾ ನೋಡದೆ ಹದಿನೈದು ದಿನ ಸಹಿ ಹಾಕಿದೆ.

ವಸಂತ್ ಸರ್ ಓದಿದರು. “ಇಷ್ಟೇನಾ, ಇನ್ನೂ ಏನಾದ್ರೂ ಉಳಿದಿದ್ಯಾ?”

ವಿಡಿಯೋ ತೋರಿಸಿದೆ. ನಲವತ್ತು ಸೆಕೆಂಡು. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಮುಗಿದ ಮೇಲೆ ಫೋನ್ ವಾಪಸ್ಸು ಕೊಡುತ್ತ, “ಎಷ್ಟು ಶ್ರದ್ಧೆಯಿಂದ ಹೇಳ್ತಿದಾರೆ ನೋಡಿ” ಅಂದರು. ಅಷ್ಟೇ.

ಪುಟ್ಟಲಿಂಗಮ್ಮ ಅಲ್ಲೇ ಇರುತ್ತಾರೆ. ಆರು ತಿಂಗಳು ನನ್ನ ಸಹಿಗೆ ಬೆಲೆ ಇಲ್ಲ. ಆ ದಿನಗಳಲ್ಲಿ ಬಂದ ಹದಿನೇಳು ಮಾದರಿಯ ವರದಿ ಹಿಂತೆಗೆದುಕೊಂಡು ಮತ್ತೆ ಪರೀಕ್ಷೆ. ಎಲ್ಲರಿಗೂ ನಾನೇ ತಿಳಿಸಬೇಕು. “ಹದಿನಾರು ಜನಕ್ಕೆ ಇವತ್ತೇ ಫೋನ್ ಮಾಡಿ. ಲಿಂಗಯ್ಯನವರಿಗೆ ಫೋನ್ ಬೇಡ, ಸೋಮವಾರ ಮನೆಗೇ ಹೋಗಿ ಹೇಳಿ.”

ಹದಿನಾರು ಫೋನು ಮಾಡಿ ಜಯಲಕ್ಷ್ಮಿಪುರಂಗೆ ಬರುವಾಗ ಗಂಟಲು ಕಟ್ಟಿತ್ತು. ಅಮ್ಮ ಹಣೆ ಮುಟ್ಟಿ ನೋಡಿದಳು. “ಜ್ವರ ಇಲ್ಲ. ಮತ್ತೆ ಯಾಕೆ ಬಂದಾಗಿಂದ ಯಾರನ್ನೂ ರೇಗಿಸಿಲ್ಲ?” ಅಂದಳು. ನನಗೂ ಗೊತ್ತಿಲ್ಲ. ಬಹುಶಃ ಸುಸ್ತು.

ಆಗಸ್ಟ್ 24, ಭಾನುವಾರ

ಆ ನಾಲ್ಕು ಪುಟವನ್ನು ಕನ್ನಡದಲ್ಲಿ ಬರೆದೆ. ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಹಿಡಿಯಿತು. ಮೂರನೇ ಪುಟ, ಎರಡನೇ ಸಾಲು: ಬಂದ ಮಾದರಿಯಿಂದ ಒಂದು ಕಾಳನ್ನೂ ತೆಗೆಯಬಾರದು.

ಆಗಸ್ಟ್ 25, ಸೋಮವಾರ

ಹೊರಡುವಾಗ ಪುಟ್ಟಲಿಂಗಮ್ಮ ಚಪ್ಪಲಿ ಹಾಕಿಕೊಂಡು ಬಂದು ಆಟೋದಲ್ಲಿ ಕೂತರು.

“ನೀವು ಬರೋದು ಬೇಡ. ತಪ್ಪು ನಂದು.”

“ಆರಿಸ್ದೋಳು ನಾನಲ್ವಾ” ಅಂದರು. ದಾರಿಯುದ್ದಕ್ಕೂ, ಬೆಳಿಗ್ಗೆ ಕೊಟ್ಟ ಕನ್ನಡದ ನಾಲ್ಕು ಪುಟ ಮಡಿಸಿ ಕೈಯಲ್ಲೇ ಹಿಡಿದಿದ್ದರು. ಕ್ಷಮಿಸಿದ್ದಾರೋ ಇಲ್ಲವೋ ಹೇಳಲಾರೆ.

ಲಿಂಗಯ್ಯನವರು ಕೊಟ್ಟಿಗೆಯ ಮುಂದೆ ಇದ್ದರು. ನಾನು ಎಲ್ಲ ಹೇಳಿದೆ. ಬಸ್ಸಿನಲ್ಲಿ, ಮನೆಯಲ್ಲಿ ಅಭ್ಯಾಸ ಮಾಡಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ, ಹಿಂದುಮುಂದಾಗಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಅಂದ್ರೆ, ಕೆಟ್ಟಿದ್ನ ತೆಗ್ದು ಆಚಿಗೆ ಎಸ್ದು, ಒಳ್ಳೇದ್ನ ನೋಡಿ, ಒಳ್ಳೇದೈತೆ ಅಂದ್ರಿ.”

“ಹೌದು.”

“ಅಂಗಾರೆ ನಾನೂ ಆರ್ಸಿ ಹಾಕುದ್ರೆ ಆಯ್ತದಾ?”

ಆರಿಸಿದ ಮೇಲೆ ಮೂರು ಬಂದಿತ್ತು, ನಾಲ್ಕು ಬಂದಿತ್ತು. ಆಯ್ತದೆ ಎನ್ನುವುದು ನಾಲಗೆಯ ತುದಿಯಲ್ಲಿತ್ತು. “ಗೊತ್ತಿಲ್ಲ. ಈ ಚೀಲ ಮುಟ್ಟಬೇಡಿ. ಆರಿಸಿದ್ದನ್ನೂ ಪರೀಕ್ಷೆ ಮಾಡಿ ನೋಡಿ ಹೇಳ್ತೀನಿ. ಅಲ್ಲೀವರೆಗೂ ಗೊತ್ತಿಲ್ಲ” ಅಂದೆ. “ತಪ್ಪಾಯ್ತು ಲಿಂಗಯ್ಯನೋರೆ.”

“ನಂಗ್ಯಾಕೆ ಹೇಳ್ತೀಯವ್ವ. ತಿಂದೋಳು ಅವ್ಳು. ಅವ್ಳಿಗೇಳು.”

ಕೊಟ್ಟಿಗೆಯ ಮೂಲೆಯಲ್ಲಿ ಕಂದು ಬಣ್ಣದ ಹಸು ಪಕ್ಕೆಲುಬು ತೋರಿಸಿಕೊಂಡು ನಿಂತಿತ್ತು. ಅವರ ಮುಖ ನೋಡಿದೆ. ತಮಾಷೆಯೋ ಕೋಪವೋ, ನಿಜವಾಗಿ ಹೇಳುತ್ತಿದ್ದಾರೋ? ಅಷ್ಟು ಗಂಭೀರವಾದ ಮುಖ ಇಟ್ಟುಕೊಂಡು ನಾನು ಎಷ್ಟು ಜನರಿಗೆ ಏನೇನು ಮಾಡಿಸಿಲ್ಲ. ಆ ಮುಖದ ಒಳಗೆ ಏನಿರುತ್ತದೆ ಎಂದು ನನಗೇ ಗೊತ್ತಿರಬೇಕಿತ್ತು. ಗೊತ್ತಾಗಲಿಲ್ಲ.

ಸಗಣಿ ದಾಟಿಕೊಂಡು ಹಸುವಿನ ಹತ್ತಿರ ಹೋದೆ. ಹೇಳಿದೆ. ಜೋರಾಗಿಯೇ ಹೇಳಿದೆ, ಏನಾಯಿತು, ಯಾರು ಮಾಡಿದ್ದು ಅಂತ. ಹಸು ಕಿವಿ ಒದರಿತು. ಹಿಂದೆ ಯಾರೂ ನಗಲಿಲ್ಲ. ತಿರುಗಿದರೆ ಪುಟ್ಟಲಿಂಗಮ್ಮ ನನ್ನ ಪಕ್ಕ ಬಂದು ನಿಂತಿದ್ದರು. ಲಿಂಗಯ್ಯನವರು ಒಳಗೆ ಹೋಗಿದ್ದರು.

ಹೊರಟುಬಿಡೋಣವೇ ಎಂದು ಅನುಮಾನಿಸುತ್ತ ನಿಂತಿದ್ದೆವು. ಅವರೇ ಎರಡು ಲೋಟ ಕಾಫಿ ಹಿಡಿದು ಬಂದರು. ನಾನು ತೆಗೆದುಕೊಂಡು ಹಾಗೇ ನಿಂತೆ.

“ಕುಡಿಯವ್ವ, ಎದುರ್ಕಬ್ಯಾಡ” ಅಂದರು. “ಅಂಗ್ಡಿ ಪ್ಯಾಕೆಟ್ ಹಾಲು. ನೀನು ಫೋನ್ ಮಾಡ್ದಾಗಿಂದ ಈ ಮನೇಲೂ ಅದೇಯ.”

ಕುಡಿದೆ. ಬಾಗಿಲ ಪಕ್ಕದ ಮೊಳೆಗಳಲ್ಲಿ ಅವರ ಹಾಲಿನ ಕ್ಯಾನುಗಳು, ತೊಳೆದು, ಬೋರಲಾಗಿ ತೂಗುಹಾಕಿದ್ದವು.